ಲಕ್ವ ಹೊಡೆದಾಗ ಮೊದಲು ಆಸ್ಪತ್ರೆ, ಆಮೇಲೆ ನ್ಯೂರಾಲಜಿಸ್ಟ್

ಬಾಯಿ ಸೊಟ್ಟಗಾಗಿದೆ, ಮಾತು ತೊದಲುತ್ತಿದೆ, ಒಂದು ಕೈ ಮೇಲೇಳುತ್ತಿಲ್ಲ. ಅಂಥವರನ್ನು ಎದುರಿಗೆ ಕೂರಿಸಿಕೊಂಡು ‘ಒಳ್ಳೆಯ ನ್ಯೂರಾಲಜಿಸ್ಟ್ ಯಾರಿದ್ದಾರೆ’ ಎಂದು ನೆಂಟರಿಗೆಲ್ಲ ಫೋನ್ ಮಾಡುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ. ನೀರು, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕೋಶ ಸೇರುತ್ತದೆ. ಆಸ್ಪಿರಿನ್ ಕೂಡ ಬೇಡ. ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿದೆಯೋ ಸೋರಿದೆಯೋ ಸಿ.ಟಿ. ಸ್ಕ್ಯಾನ್ ಆಗುವವರೆಗೆ ಯಾರಿಗೂ ತಿಳಿಯದು.

ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ಗಂಟೆ. ರೋಗಿ ಸರಿಯಾಗಿದ್ದುದನ್ನು ಕೊನೆಯ ಸಲ ಕಂಡ ಹೊತ್ತಿನಿಂದ ಅದರ ಲೆಕ್ಕ. ರಾತ್ರಿ 10ಕ್ಕೆ ಮಲಗಿ ಬೆಳಿಗ್ಗೆ 6ಕ್ಕೆ ಕೈ ಬಿದ್ದು ಎದ್ದವರಿಗೆ 8 ಗಂಟೆ ಕಳೆದಂತೆಯೇ. ಹಾಗೆಂದು ಕೈಚೆಲ್ಲಬೇಡಿ: ದೊಡ್ಡ ರಕ್ತನಾಳ ಕಟ್ಟಿದ್ದರೆ, ಸ್ಕ್ಯಾನ್ ನೋಡಿ ಆಯ್ದ ಕೆಲವರಿಗೆ 24 ಗಂಟೆಯವರೆಗೂ ರಕ್ತನಾಳದೊಳಗೆ ಕ್ಯಾತಿಟರ್ ಎಂಬ ಸಣ್ಣ ಕೊಳವೆ ಹಾಕಿ ಹೆಪ್ಪು ತೆಗೆಯುತ್ತಾರೆ.

ಮನೆಯಲ್ಲಿ ಬಿ.ಪಿ., ಶುಗರ್ ಇರುವ ಹಿರಿಯರಿದ್ದರೆ ಇವತ್ತೇ ಹತ್ತಿರದ ಎರಡು ಮೂರು ಆಸ್ಪತ್ರೆಗಳಿಗೆ ಫೋನ್ ಮಾಡಿ ಕೇಳಿ. ನಡುರಾತ್ರಿಯಲ್ಲೂ ಸಿ.ಟಿ. ಆಗುತ್ತದೆಯೇ? ಆ ಇಂಜೆಕ್ಷನ್ ದಾಸ್ತಾನು ಇದೆಯೇ? ಕ್ಯಾತಿಟರ್ ಹಾಕುವ ಕೋಣೆ, ಅಂದರೆ ಕ್ಯಾಥ್‌ಲ್ಯಾಬ್, ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತೀರಿ? ಉತ್ತರಗಳನ್ನು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.

ಡಿಸ್ಚಾರ್ಜ್ ಆದ ಮೇಲೆ ವೈದ್ಯರನ್ನು ಆರಿಸಲು ಸಮಯವಿರುತ್ತದೆ. ಬೋರ್ಡಿನಲ್ಲಿ ‘ನ್ಯೂರೋ’ ಎಂದಿದ್ದರೆ ಸಾಲದು. ಹೆಸರಿನ ಮುಂದೆ ಡಿ.ಎಂ. ಅಥವಾ ಡಿಆರ್‌ಎನ್‌ಬಿ ನ್ಯೂರಾಲಜಿ ಎಂಬ ಪದವಿ ಇರಬೇಕು; ಎಂಸಿಎಚ್ ಪದವಿ ಎಂದಿದ್ದರೆ ಅವರು ಶಸ್ತ್ರಚಿಕಿತ್ಸಕರು. ನಿಮ್ಹಾನ್ಸ್ ಜೊತೆ ಸರ್ಕಾರ ನಡೆಸುವ ಮೆದುಳು ಆರೋಗ್ಯ ಕಾರ್ಯಕ್ರಮದಡಿ ಹಲವು ಜಿಲ್ಲಾಸ್ಪತ್ರೆಗಳಲ್ಲೂ ಕ್ಲಿನಿಕ್ ಇದೆ, ವಿಚಾರಿಸಿ.

ನಿಜವಾದ ಪರೀಕ್ಷೆ ಮೊದಲ ಭೇಟಿಯಲ್ಲೇ ಆಗುತ್ತದೆ. ಹೆಪ್ಪು ಎಲ್ಲಿಂದ ಬಂತು ಎಂಬುದನ್ನು ಆ ವೈದ್ಯರು ಹುಡುಕುತ್ತಿದ್ದಾರೆಯೇ? ಕುತ್ತಿಗೆಯ ರಕ್ತನಾಳದ ಡಾಪ್ಲರ್ ಸ್ಕ್ಯಾನ್, ಇಸಿಜಿ, ಎಕೋ, ಬೇಕಾದರೆ 24 ಗಂಟೆ ಹೃದಯದ ಬಡಿತ ದಾಖಲಿಸುವ ಹೋಲ್ಟರ್ ಮಾಡಿಸುವುದು ಇದಕ್ಕೇ. ಹೃದಯದ ಬಡಿತ ತಾಳ ತಪ್ಪಿ ಅಲ್ಲಿಂದ ಹೆಪ್ಪು ಬಂದಿದ್ದರೆ ಆಸ್ಪಿರಿನ್ ಸಾಕಾಗುವುದಿಲ್ಲ, ಬೇರೆ ಬಗೆಯ ಮಾತ್ರೆ ಬೇಕು. ಕಾರಣ ಹುಡುಕದೆ ತಿಂಗಳಿಗೊಮ್ಮೆ ‘ನರಕ್ಕೆ ಶಕ್ತಿ’ ಎಂದು ಡ್ರಿಪ್ ಹಾಕುವ ಕಡೆ ದುಡ್ಡು ಸುರಿಯುವ ಬದಲು ಫಿಸಿಯೋಥೆರಪಿಗೆ ಕೊಡಿ.

ಮಾತ್ರೆಯ ಗೊಂದಲ ಎಲ್ಲ ಕಡೆ ಕಾಣುತ್ತದೆ. ಹೆಪ್ಪಿನಿಂದಾದ ಸಣ್ಣ ಸ್ಟ್ರೋಕ್‌ಗೆ (ಲಕ್ವಕ್ಕೆ) ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡನ್ನೂ ಸಾಮಾನ್ಯವಾಗಿ 21 ದಿನ ಕೊಟ್ಟು ಬಳಿಕ ಒಂದನ್ನು ನಿಲ್ಲಿಸುತ್ತಾರೆ. ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ಎರಡನ್ನೂ ನುಂಗಿದವರಿಗೆ ರಕ್ತಸ್ರಾವದ ಅಪಾಯ. ಎರಡನ್ನೂ ಬಿಟ್ಟವರಿಗೆ ಮತ್ತೊಂದು ಸ್ಟ್ರೋಕಿನ ಅಪಾಯ. ಯಾವುದು ಯಾವ ತಾರೀಖಿಗೆ ನಿಲ್ಲಬೇಕು ಎಂಬುದನ್ನು ಚೀಟಿಯಲ್ಲೇ ಬರೆಸಿಕೊಳ್ಳಿ.

ವೈದ್ಯರ ಬಳಿ ಹೋಗುವಾಗ ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನಿನ ಸಿ.ಡಿ., ಮನೆಯಲ್ಲಿ ಬರೆದಿಟ್ಟ ಬಿ.ಪಿ. ಲೆಕ್ಕ ಚೀಲದಲ್ಲಿರಲಿ. ಮಾತ್ರೆಯ ಹೆಸರು ನೆನಪಿಟ್ಟುಕೊಳ್ಳುವ ಪಾಡು ಬೇಡ, ಮಾತ್ರೆಯ ಖಾಲಿ ಸ್ಟ್ರಿಪ್‌ಗಳನ್ನೇ ಒಯ್ಯಿರಿ.