ಸೋಂಕಿನ ದಿನಗಳಲ್ಲಿ ಮನಸ್ಸು ಕಲ್ಲಾಗದಂತೆ ನೋಡಿಕೊಳ್ಳುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ನಾನೇನೂ ಕರುಣಾಮಯಿ ಅಲ್ಲ. 2020ರ ಮಾರ್ಚ್ ಕೊನೆಯ ವಾರ, ನಮ್ಮ ಕಟ್ಟಡದ ಲಿಫ್ಟ್‌ನಲ್ಲಿ ಮೇಲಿನ ಮನೆಯ ಹಿರಿಯರೊಬ್ಬರು ಕೆಮ್ಮಿದರು. ಎರಡೇ ಸಲ. ನನ್ನ ಮನೆಗೆ ಇನ್ನೂ ಮೂರು ಮಹಡಿ ಇತ್ತು. ಆದರೂ ಬಾಗಿಲು ತೆರೆದ ಕೂಡಲೇ ಇಳಿದುಬಿಟ್ಟೆ. ಎರಡೂ ಕೈಯಲ್ಲಿ ಭಾರದ ಚೀಲ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಅವರ ಮುಖ ಕೂಡ ನೋಡಲಿಲ್ಲ. ಮನೆಗೆ ಬಂದು ಕೈ ತೊಳೆಯುತ್ತಾ, ಈ ವಯಸ್ಸಿನಲ್ಲಿ ಇವರಿಗೆ ಹೊರಗೇನು ಕೆಲಸ ಅಂತ ಬೈದುಕೊಂಡೆ.

ಹತ್ತು ದಿನ ಕಳೆದ ಮೇಲೆ, ಒಂಟಿಯಾಗಿರುವವರಿಗೆ ದಿನಾ ಫೋನ್ ಮಾಡುವ ಒಂದು ಗುಂಪಿಗೆ ಸೇರಿಕೊಂಡೆ. ದೊಡ್ಡ ಮನಸ್ಸೇನಲ್ಲ, ಮನೆಯಲ್ಲಿ ಕೂತು ಕೂತು ತಲೆ ಕೆಟ್ಟಿತ್ತು ಅಷ್ಟೇ. ಹನ್ನೊಂದು ನಂಬರ್ ಕೊಟ್ಟರು. ಹತ್ತಿರದವರಿಗೆ ಹತ್ತಿರದವರೇ ಇರಲಿ ಅಂತ ಹಂಚಿದ್ದರಂತೆ. ಪಟ್ಟಿಯ ಮೂರನೇ ಹೆಸರು ಅದೇ ಹಿರಿಯರದು.

ಮುಂದೆ ಬರೆದಿರುವುದೆಲ್ಲ ಆ ಹನ್ನೊಂದು ಜನರಿಂದ ಕಲಿತದ್ದು. ಹೆಚ್ಚಿನದು ತಪ್ಪು ಮಾಡಿಯೇ ಕಲಿತದ್ದು.

ಹೆದರಿಕೆಯನ್ನು ಹೆದರಿಕೆ ಅಂತಲೇ ಕರೆಯಿರಿ

ಲಿಫ್ಟ್‌ನಲ್ಲಿ ನನಗೆ ಹೆದರಿಕೆ ಆಯಿತು. ಮನೆ ಮುಟ್ಟುವ ಹೊತ್ತಿಗೆ ಅದು ಸಿಟ್ಟಾಗಿತ್ತು. ಇದು ಎಷ್ಟು ಬೇಗ ಆಗುತ್ತೆ ಅಂದರೆ, ಮಧ್ಯೆ ಏನಾಯಿತು ಅಂತ ನಮಗೇ ಗೊತ್ತಾಗುವುದಿಲ್ಲ. ಹಾಗಾಗಿ ಯಾರ ಮೇಲಾದರೂ ಸಿಟ್ಟು ಉಕ್ಕಿದಾಗ ನಿಮ್ಮನ್ನೇ ಕೇಳಿಕೊಳ್ಳಿ: ಈಗ ಯಾರಿಗೆ ಏನಾಗಿಬಿಡುತ್ತೆ ಅಂತ ನನಗೆ ಭಯ? ನನ್ನ ಉತ್ತರ ಸುಲಭವಾಗಿತ್ತು. ಒಳಗಿನ ಕೋಣೆಯಲ್ಲಿ ಎಪ್ಪತ್ತು ದಾಟಿದ ಅಮ್ಮ ಇದ್ದರು.

ಅಷ್ಟು ಗೊತ್ತಾದರೆ ಭಯಕ್ಕೊಂದು ಕೆಲಸ ಕೊಡಬಹುದು. ಮಾಸ್ಕ್ ಹಾಕಿ, ಕಿಟಕಿ ತೆರೆದಿಡಿ, ಎರಡು ಮೀಟರ್ ದೂರ ನಿಲ್ಲಿ. ಇವೆಲ್ಲ ಮಾಡಿಯೂ ಒಬ್ಬರ ಮುಖ ನೋಡಿ ತಲೆ ಆಡಿಸಬಹುದು, ಅಲ್ವಾ? ಆಗ ಎಲ್ಲರ ಬಾಯಲ್ಲೂ "ಸಾಮಾಜಿಕ ಅಂತರ" ಅನ್ನುವ ಮಾತೇ ಇತ್ತು. 2020ರ ಮಾರ್ಚ್‌ನಲ್ಲೇ ವಿಶ್ವ ಆರೋಗ್ಯ ಸಂಸ್ಥೆಯವರು ಅದರ ಬದಲು "ದೈಹಿಕ ಅಂತರ" ಅನ್ನಲು ಶುರು ಮಾಡಿದ್ದರು. ಮೈ ದೂರ ಇರಲಿ, ಮಾತು ದೂರ ಆಗಬಾರದು ಅಂತ. ಆ ಪದ ಯಾಕೋ ಜನರಿಗೆ ಹಿಡಿಸಲಿಲ್ಲ. ನಾನಂತೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡೆ.

ಅಂಕಿ ಬಿಡಿ, ಒಬ್ಬರನ್ನು ಹಿಡಿಯಿರಿ

ಮೊದಲ ತಿಂಗಳು ದಿನಕ್ಕೆ ಮೂವತ್ತು ಸಲವಾದರೂ ಸಾವಿನ ಲೆಕ್ಕ ನೋಡುತ್ತಿದ್ದೆ. ಸಾವಿರ ಇದ್ದಾಗ ಎದೆ ಝಲ್ ಅಂತಿತ್ತು. ಹತ್ತು ಸಾವಿರ ಆದಾಗ ಏನೂ ಅನಿಸಲಿಲ್ಲ. ನನ್ನಲ್ಲೇ ಏನೋ ಕೆಟ್ಟಿದೆ ಅಂದುಕೊಂಡೆ. ಪಾಲ್ ಸ್ಲೋವಿಕ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ ಅಂತ ಆಮೇಲೆ ಓದಿದೆ. ಒಬ್ಬರ ಕಷ್ಟಕ್ಕೆ ಕರಗುವ ಮನಸ್ಸು, ಸಂಖ್ಯೆ ಬೆಳೆದ ಹಾಗೆ ಮರಗಟ್ಟುತ್ತಾ ಹೋಗುತ್ತದೆ. ಕೆಟ್ಟವರಾಗಿಬಿಟ್ಟೆವು ಅಂತಲ್ಲ, ಮನಸ್ಸಿಗೆ ಅಷ್ಟು ದೊಡ್ಡ ಲೆಕ್ಕ ಬರುವುದಿಲ್ಲ.

ಹಾಗಾಗಿ ಸುದ್ದಿಗೆ ಹೊತ್ತು ಗೊತ್ತು ಮಾಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸಾಕು. ರಾತ್ರಿ ಮಲಗುವ ಮುಂಚೆ ಬೇಡವೇ ಬೇಡ. ಉಳಿದ ಹೊತ್ತಿಗೆ ಒಂದು ಹೆಸರು ಇಟ್ಟುಕೊಳ್ಳಿ. ಒಂದೇ ಸಾಕು. ದೂರದ ನೆಂಟರಾದರೂ ಸರಿ, ಹಳೆಯ ಸಹೋದ್ಯೋಗಿಯಾದರೂ ಸರಿ, ಹೆಸರೇ ಗೊತ್ತಿಲ್ಲದ ಎದುರು ಮನೆಯವರಾದರೂ ಸರಿ.

ಫೋನಿನಲ್ಲಿ ಏನು ಕೇಳಬೇಕು

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಾನು ಜಾಸ್ತಿ ಎಡವಿದ್ದು ಇಲ್ಲೇ.

"ಹೇಗಿದ್ದೀರಾ?" ಅಂತ ಕೇಳಿದರೆ ಎಲ್ಲರೂ "ಚೆನ್ನಾಗಿದ್ದೀನಿ" ಅಂತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಉತ್ತರ ಹೇಳೋಕೆ ಸುಲಭವಾದ, ಚಿಕ್ಕ ಪ್ರಶ್ನೆ ಕೇಳಿ. ಬೆಳಿಗ್ಗೆ ಎದ್ದು ಮೊದಲು ಏನು ಮಾಡಿದ್ರಿ? ಕಿಟಕಿಯಿಂದ ಏನು ಕಾಣುತ್ತೆ? ರಾತ್ರಿ ಎಷ್ಟು ಸಲ ಎಚ್ಚರ ಆಯಿತು? ಕಿಟಕಿಯ ಪ್ರಶ್ನೆಗೆ ಒಬ್ಬರು ಇಪ್ಪತ್ತು ನಿಮಿಷ ಮಾತಾಡಿದರು. ಎದುರಿನ ತಂತಿಯ ಮೇಲೆ ಕೂರುವ ಎರಡು ಪಾರಿವಾಳಕ್ಕೆ ಅವರು ಹೆಸರಿಟ್ಟಿದ್ದರು. ಒಂದಕ್ಕೆ ತಮ್ಮ ಅಳಿಯನ ಹೆಸರು. ಯಾಕೆ ಅಂತ ಕೇಳಲಿಲ್ಲ.

ದಿನಾ ಒಂದೇ ಹೊತ್ತಿಗೆ ಮಾಡಿ. ನಾಲ್ಕು ಗಂಟೆ ಅಂದರೆ ನಾಲ್ಕೇ ಗಂಟೆ. ಒಂಟಿಯಾಗಿ ಕೂತವರಿಗೆ ದಿನ ಉದ್ದವಾಗಿರುತ್ತದೆ, ಅದರಲ್ಲಿ ಒಂದು ಗೂಟ ನೆಟ್ಟ ಹಾಗೆ ಆ ಫೋನು. ಒಂದು ದಿನ ನಾನು ಅರ್ಧ ಗಂಟೆ ತಡ ಮಾಡಿದೆ. ಆ ಕಡೆಯವರು ನಾಲ್ಕರಿಂದ ಫೋನ್ ಕೈಯಲ್ಲೇ ಹಿಡಿದು ಕೂತಿದ್ದರಂತೆ, ಬಾತ್‌ರೂಮಿಗೂ ಹೋಗಿರಲಿಲ್ಲ.

ಫೋನ್ ಇಟ್ಟ ಕೂಡಲೇ ಒಂದು ಸಾಲು ಬರೆದುಕೊಳ್ಳಿ. ಕನ್ನಡಕದ ಕಡ್ಡಿ ಮುರಿದಿದೆ. ಮಗಳ ಪರೀಕ್ಷೆ ಗುರುವಾರ. ಮಾರನೇ ದಿನ "ಕನ್ನಡಕ ಸರಿ ಆಯ್ತಾ?" ಅಂತ ಕೇಳಿದರೆ ಆ ಕಡೆ ದನಿಯೇ ಬದಲಾಗುತ್ತೆ. ನನ್ನ ನೆನಪಿನ ಶಕ್ತಿ ಅಷ್ಟಕ್ಕಷ್ಟೇ. ಎಲ್ಲ ಆ ನೋಟ್‌ಬುಕ್ಕಿನ ಕೃಪೆ.

ಈಗ ತಪ್ಪಿನ ವಿಷಯ. ಒಬ್ಬ ಹೆಂಗಸಿನ ತಾಯಿ ಆಸ್ಪತ್ರೆಯಲ್ಲಿದ್ದರು, ನೋಡಲು ಯಾರನ್ನೂ ಬಿಡುತ್ತಿರಲಿಲ್ಲ. ನಾನು ದಿನಾ "ಎಲ್ಲಾ ಸರಿ ಹೋಗುತ್ತೆ" ಅನ್ನುತ್ತಿದ್ದೆ. ಆರನೇ ದಿನ ತಾಯಿ ತೀರಿಕೊಂಡರು. ಏಳನೇ ದಿನ ಫೋನ್ ಮಾಡಿದಾಗ ಅವರು ಒಂದೇ ಮಾತು ಕೇಳಿದರು: "ನಿಮಗೆ ಹೇಗೆ ಗೊತ್ತಿತ್ತು?" ನನ್ನ ಬಾಯಲ್ಲಿ ಮಾತೇ ಇರಲಿಲ್ಲ. ಅವತ್ತಿನಿಂದ ಆ ವಾಕ್ಯ ಬಿಟ್ಟೆ. ಗೊತ್ತಿಲ್ಲದ್ದನ್ನು ಹೇಳಬೇಡಿ. "ನಾಳೆ ನಾಲ್ಕು ಗಂಟೆಗೆ ಫೋನ್ ಮಾಡ್ತೀನಿ" ಅನ್ನಿ, ಮತ್ತೆ ಮಾಡಿ. ನಮ್ಮ ಕೈಯಲ್ಲಿರುವ ಭರವಸೆ ಅಷ್ಟೇ.

ಅವರು ಆಮೇಲೆ ಎಷ್ಟೋ ದಿನ ಒಂದೇ ಲೆಕ್ಕ ಹಾಕುತ್ತಿದ್ದರು. ಅಮ್ಮನಿಗೆ ನನ್ನಿಂದಲೇ ಬಂತಾ? ಸೋಮವಾರ ಪಕ್ಕದಲ್ಲಿ ಕೂತಿದ್ದೆ, ಬುಧವಾರ ನನಗೆ ಜ್ವರ. "ನಿಮ್ಮ ತಪ್ಪಲ್ಲ" ಅಂತ ನೂರು ಸಲ ಹೇಳಿದರೂ ನಾಟಲಿಲ್ಲ. ಕೊನೆಗೆ ಉಪಯೋಗಕ್ಕೆ ಬಂದದ್ದು ಒಂದು ಸಾದಾ ವಿಷಯ. ಕೊರೊನಾ ಲಕ್ಷಣ ಕಾಣಿಸುವ ಎರಡು ದಿನ ಮುಂಚೆಯೇ ಒಬ್ಬರಿಂದ ಒಬ್ಬರಿಗೆ ಹರಡಬಲ್ಲದು. ಸೋಂಕು ತಗುಲಿ ಲಕ್ಷಣ ಕಾಣಲು ಎರಡು ದಿನವೂ ಆಗಬಹುದು, ಹದಿನಾಲ್ಕು ದಿನವೂ ಆಗಬಹುದು. ಅಂದರೆ ಯಾರಿಂದ ಯಾರಿಗೆ ಅಂತ ಮನೆಯಲ್ಲಿ ಕೂತು ಹೇಳಲು ಆಗುವುದಿಲ್ಲ. ಸೋಮವಾರ ಅವರಿಗೆ ಮೈ ನೆಟ್ಟಗಿತ್ತು, ತಿಳಿಯಲು ದಾರಿಯೇ ಇರಲಿಲ್ಲ. ಇದನ್ನು ಹೇಳಿದಾಗ ಅವರು ಅತ್ತರು. ನಾನು ಫೋನ್ ಹಿಡಿದು ಸುಮ್ನೆ ಕೂತೆ.

ಸಮಾಧಾನದ ಮಾತಿಗಿಂತ ಸರಿಯಾದ ಮಾಹಿತಿ ಕೆಲವೊಮ್ಮೆ ಜಾಸ್ತಿ ಮೆತ್ತಗಿರುತ್ತದೆ.

ಬಾಗಿಲಲ್ಲಿಟ್ಟು ಹಿಂದೆ ಸರಿಯಿರಿ

ಏಪ್ರಿಲ್ ಮಧ್ಯದಲ್ಲಿ ಮೂರನೇ ಹೆಸರಿನ ಹಿರಿಯರು ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ಎತ್ತಿದರು, ಕಿರುಚಿದರು, ಇಟ್ಟರು. ಎಷ್ಟು ಸೊಕ್ಕು ಅಂದುಕೊಂಡೆ. ಮಾಸ್ಕ್ ಹಾಕಿಕೊಂಡು ಮೇಲೆ ಹೋಗಿ ಬೆಲ್ ಒತ್ತಿ, ಮೆಟ್ಟಿಲ ಬಳಿ ನಿಂತೆ. ಅವರು ಬಾಗಿಲು ತೆಗೆದು ಕಿವಿ ತೋರಿಸಿದರು. ಕಿವಿಯ ಯಂತ್ರದ ಬ್ಯಾಟರಿ ಮುಗಿದಿತ್ತು. ಅಂಗಿ ಗುಂಡಿಗಿಂತ ಚಿಕ್ಕ ಬ್ಯಾಟರಿ. ಅದಿಲ್ಲದೆ ಅವರಿಗೆ ಇಡೀ ಲೋಕ ಮೌನ. ಆಸ್ತಮಾ ಬೇರೆ ಇತ್ತು, ಹಾಗಾಗಿ ಹೊರಗೆ ಹೋಗಲು ಹೆದರಿಕೆ. ಲಿಫ್ಟ್‌ನಲ್ಲಿ ಕೆಮ್ಮಿದ್ದೂ ಆ ಆಸ್ತಮಾದ್ದೇ.

ಬ್ಯಾಟರಿ ಹುಡುಕಿ ತಂದೆ. ಬಾಗಿಲ ಮುಂದೆ ಇಟ್ಟು, ಬೆಲ್ ಒತ್ತಿ, ಹಿಂದೆ ಸರಿದೆ.

ಹೀಗೆ ಇಟ್ಟು ಹಿಂದೆ ಸರಿಯುವುದು ಹೊಸದೇನಲ್ಲ. 1665ರಲ್ಲಿ ಇಂಗ್ಲೆಂಡಿನ ಈಮ್ ಎಂಬ ಹಳ್ಳಿಗೆ ಪ್ಲೇಗ್ ಬಂತು. ಮರುವರ್ಷ ಹಳ್ಳಿಯವರು, ಸುತ್ತಲಿನ ಊರುಗಳಿಗೆ ಹರಡಬಾರದು ಅಂತ ತಾವೇ ಗಡಿ ಹಾಕಿಕೊಂಡು ಒಳಗೆ ಉಳಿದರು. ಹೊರಗಿನವರು ಗಡಿಯ ಹತ್ತಿರ ಸಾಮಾನು ಇಟ್ಟು ಹೋಗುತ್ತಿದ್ದರು. ಒಳಗಿನವರು ಕಲ್ಲಿನ ಗುಳಿಗಳಲ್ಲಿ ವಿನೆಗರ್ ತುಂಬಿ, ಅದರಲ್ಲಿ ನಾಣ್ಯ ಅದ್ದಿ ಇಡುತ್ತಿದ್ದರು. ಆ ಕಲ್ಲು ಈಗಲೂ ಇದೆ. ಒಳಗೆ ಉಳಿದವರ ಧೈರ್ಯದ ಬಗ್ಗೆ ಎಲ್ಲರೂ ಹೇಳುತ್ತಾರೆ. ನನಗೆ ದಿನಾ ಬಂದು ಸಾಮಾನು ಇಟ್ಟು ಹೋದವರೂ ಅಷ್ಟೇ ಮುಖ್ಯ ಅನಿಸುತ್ತದೆ.

ನಿಯಮ ಮುರಿಯುವವರ ಜೊತೆ ಏನು ಮಾಡುವುದು

ಮಾಸ್ಕ್ ಹಾಕದವರು, ಲಸಿಕೆ ಬೇಡ ಅನ್ನುವವರು. ಇವರ ಮೇಲೆ ಕರುಣೆ ಹುಟ್ಟಿಸಿಕೊಳ್ಳುವುದು ನನಗೆ ಇವತ್ತಿಗೂ ಕಷ್ಟ. ಒಂದು ದಾರಿ ಮಾತ್ರ ಹೇಳಬಲ್ಲೆ. ವಾದ ಮಾಡುವ ಬದಲು "ನಿಮಗೆ ಯಾವುದರ ಭಯ?" ಅಂತ ಕೇಳಿ, ಕೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳಿ. ಪಟ್ಟಿಯಲ್ಲಿದ್ದ ಒಬ್ಬರಿಗೆ ಸೂಜಿಯ ಭಯ, ಅಷ್ಟೇ. ಅದನ್ನು ಹೇಳಲು ನಾಚಿಕೆಯಾಗಿ ಏನೇನೋ ಕಾರಣ ಕೊಡುತ್ತಿದ್ದರು. ಎಲ್ಲರದೂ ಹೀಗೆ ಸುಲಭ ಇರಲ್ಲ. ಮಾತಿಗೆ ಬಗ್ಗದವರ ಹತ್ತಿರ ದೂರ ನಿಲ್ಲಿ, ಬೈಯಬೇಡಿ, ನಿಮ್ಮ ಮಾಸ್ಕ್ ತೆಗೆಯಬೇಡಿ.

ಸುಸ್ತಾದಾಗ

ಜೂನ್ ಹೊತ್ತಿಗೆ ಫೋನ್ ಸದ್ದು ಕೇಳಿದರೆ ಹೊಟ್ಟೆ ತೊಳಸುತ್ತಿತ್ತು. ಬೇರೆಯವರ ನೋವನ್ನು ನಮ್ಮದೇ ಮಾಡಿಕೊಂಡು ಮುಳುಗುವುದು ಬೇರೆ, ಅವರಿಗೆ ಒಳ್ಳೆಯದಾಗಲಿ ಅಂತ ಬಯಸುವುದು ಬೇರೆ ಅಂತ ಟಾನಿಯಾ ಸಿಂಗರ್ ಎಂಬ ಮಿದುಳು ವಿಜ್ಞಾನಿ ಹೇಳುತ್ತಾರೆ. ಮೊದಲನೆಯದು ಮನುಷ್ಯರನ್ನು ಸುಡುತ್ತದೆ. ನಾನು ಹನ್ನೊಂದರಲ್ಲಿ ಐದು ಹೆಸರು ಇನ್ನೊಬ್ಬರಿಗೆ ಕೊಟ್ಟೆ. ಪ್ರತಿ ಫೋನ್ ಆದ ಮೇಲೆ ನೋಟ್‌ಬುಕ್ ಮುಚ್ಚಿ, ಎದ್ದು ಮುಖ ತೊಳೆಯುತ್ತಿದ್ದೆ. ನಿಮಗೂ ಭಾರವಾದರೆ ಕೆಲವು ಹೆಸರು ಬೇರೆಯವರಿಗೆ ಕೊಡಿ. ನಾಚಿಕೆ ಪಡುವಂಥದ್ದೇನಿಲ್ಲ.

ಕೆಲವು ಭಾರವನ್ನಂತೂ ಒಬ್ಬರೇ ಹೊರಲೇಬಾರದು. ಉಸಿರಾಡಲು ಕಷ್ಟ ಅಂದರೆ, ರಕ್ತದ ಆಮ್ಲಜನಕದ ಅಳತೆ ಶೇ. 94ಕ್ಕಿಂತ ಕೆಳಗೆ ಬಂದರೆ ಡಾಕ್ಟರಿಗೆ ಹೇಳಿ. ಉಗುರಿಗೆ ಬಣ್ಣ ಇದ್ದರೆ, ಅದನ್ನು ಬೆರಳಲ್ಲಿ ಅಳೆಯುವ ಆಕ್ಸಿಮೀಟರ್ ತಪ್ಪು ತೋರಿಸಬಹುದು, ಅದನ್ನೂ ಕೇಳಿ. ಬದುಕುವುದು ಬೇಡ ಅಂತ ಯಾರಾದರೂ ಅಂದರೆ ಫೋನ್ ಇಡಬೇಡಿ, ಮಾತಾಡುತ್ತಲೇ ಅವರ ಮನೆಯವರನ್ನೋ ಸಹಾಯವಾಣಿಯನ್ನೋ ಸೇರಿಸಿಕೊಳ್ಳಿ.

ಭರವಸೆಗೆ ಎರಡು ಅಳತೆ

ದಿನದಿನದ ಭರವಸೆ ಚಿಕ್ಕದಿರಲಿ. ಮುಂದಿನ ತಿಂಗಳು ಮುಗಿಯುತ್ತೆ ಅಂತ ತಾರೀಖು ಕೊಡಬೇಡಿ. ಆ ತಾರೀಖು ದಾಟಿದಾಗ ಜನ ಕುಸಿಯುತ್ತಾರೆ, ನಾನು ನೋಡಿದ್ದೇನೆ. ನಾಳೆ ಬ್ಯಾಟರಿ ಬರುತ್ತೆ, ಗುರುವಾರ ಪರೀಕ್ಷೆ ಮುಗಿಯುತ್ತೆ, ಇಷ್ಟು ಸಾಕು.

ಜೊತೆಗೆ ಉದ್ದದ ಅಳತೆಯೂ ಒಂದು ಇರಲಿ. 1918ರ ಫ್ಲೂ ಕನಿಷ್ಠ 5 ಕೋಟಿ ಜನರನ್ನು ಕೊಂದಿತು ಅಂತ ಅಂದಾಜು. ಅದಕ್ಕೆ ಲಸಿಕೆಯೇ ಇರಲಿಲ್ಲ. ಅದೂ ತಣ್ಣಗಾಯಿತು. ಸಿಡುಬು ಭೂಮಿಯಿಂದಲೇ ಹೋಯಿತು ಅಂತ 1980ರಲ್ಲಿ ಘೋಷಿಸಿದರು. ಕೊರೊನಾ ವೈರಸ್ಸಿನ ಜೀನೋಮ್, ಅಂದರೆ ಅದರ ಪೂರ್ತಿ ವಂಶವಾಹಿ ಸಂಕೇತ, 2020ರ ಜನವರಿಯಲ್ಲಿ ಹೊರಬಂತು, ಅದೇ ಡಿಸೆಂಬರ್ 8ರಂದು ಬ್ರಿಟನ್ನಿನಲ್ಲಿ 90 ವರ್ಷದ ಅಜ್ಜಿಯೊಬ್ಬರು ಲಸಿಕೆ ಹಾಕಿಸಿಕೊಂಡರು. ಇಷ್ಟು ಬೇಗ ಆಗಲು ಕಾರಣ ಅದಕ್ಕೂ ಎಷ್ಟೋ ಮುಂಚೆ ನಡೆದ ಕೆಲಸ. ಕಟಾಲಿನ್ ಕರಿಕೋ ಎಂಬ ವಿಜ್ಞಾನಿ ಸಂಶೋಧನೆಗೆ ಹಣ ಸಿಗದೆ, ಹುದ್ದೆಯಲ್ಲಿ ಕೆಳಗಿಳಿದು, ಆದರೂ ಆ ಲಸಿಕೆಗೆ ಆಧಾರವಾದ, ಜೀವಕೋಶಕ್ಕೆ ಪ್ರೋಟೀನ್ ತಯಾರಿಸಲು ಸೂಚನೆ ಕೊಡುವ ಎಮ್‌ಆರ್‌ಎನ್‌ಎ ಹಿಡಿದು ಕೂತಿದ್ದರು. 2023ರಲ್ಲಿ ಸಹಸಂಶೋಧಕ ಡ್ರೂ ವೈಸ್‌ಮನ್ ಜೊತೆ ನೊಬೆಲ್ ಬಂತು. ಪಾರಿವಾಳದವರಿಗೆ ಲಸಿಕೆಯ ಸುದ್ದಿ ಹೇಳಿದಾಗ, "ಅಷ್ಟು ಜನ ಕೂತು ನನಗೋಸ್ಕರ ಕೆಲಸ ಮಾಡ್ತಿದ್ರಾ?" ಅಂದರು. ಹೌದು ಅಂದೆ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾದ ಜಾಗತಿಕ ತುರ್ತುಸ್ಥಿತಿ ಮುಗಿಯಿತು ಅಂತ ಹೇಳಿತು. ಗುಂಪು ಮುಚ್ಚಿ ಆಗಲೇ ವರ್ಷವಾಗಿತ್ತು. ಆದರೂ ನಾಲ್ಕು ಗಂಟೆಗೆ ಮೇಲಿನ ಮನೆಗೆ ಫೋನ್ ಮಾಡುವುದು ನಿಂತಿರಲಿಲ್ಲ. ಅವತ್ತು ಅವರು, ಮೂರು ವರ್ಷದಲ್ಲಿ ಮೊದಲ ಸಲ, ಆ ಲಿಫ್ಟ್‌ನ ಮಾತು ಎತ್ತಿದರು.

"ಅವತ್ತು ನಾನೇ ಇಳೀಬೇಕಿತ್ತು ಕಣಮ್ಮ. ನಿಮ್ಮ ಎರಡೂ ಕೈಯಲ್ಲಿ ಚೀಲ ಇತ್ತು."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಬ್ಯಾಟರಿ ಎಷ್ಟು ಉಳಿದಿದೆ ಅಂತ ಕೇಳಿದೆ. ಎರಡು ಅಂದರು. ಬರೆದುಕೊಂಡೆ.