ಕ್ರೀಡಾ ಛಾಯಾಗ್ರಹಣಕ್ಕೆ ಕೈಗೆಟಕುವ ಕ್ಯಾಮೆರಾ ಮತ್ತು ಲೆನ್ಸ್ ಆರಿಸುವುದು ಹೇಗೆ?

ಕ್ರೀಡೆಯ ಚಿತ್ರ ತೆಗೆಯಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಕ್ಯಾಮೆರಾ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಕೊಂಡು, ಉಳಿದ ಹಣದಲ್ಲಿ ಲೆನ್ಸ್ ಹುಡುಕುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಹೊಸ ಕ್ಯಾಮೆರಾಕ್ಕೆ ಅಗ್ಗದ ಜೂಮ್ ಲೆನ್ಸೊಂದನ್ನು ಜೋಡಿಸಿಕೊಂಡು ಒಳಾಂಗಣದ ಬ್ಯಾಡ್ಮಿಂಟನ್ ಪಂದ್ಯಕ್ಕೆ ಹೋದೆ; ಚಿತ್ರಗಳಲ್ಲಿ ಆಟಗಾರ್ತಿಯ ಮುಖ ತಕ್ಕಮಟ್ಟಿಗೆ ಸ್ಪಷ್ಟವಾಗಿದ್ದರೂ, ರ್‍ಯಾಕೆಟ್ ಹಿಡಿದ ಕೈ ಮೊಣಕೈಯಿಂದಾಚೆ ಬರಿಯ ಮಸುಕು ಗೆರೆಯಾಗಿತ್ತು. ದೋಷ ಬಾಡಿಯದಾಗಿರಲಿಲ್ಲ, ಬೆಳಕಿನದಾಗಿತ್ತು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು: ನೀವು ಚಿತ್ರಿಸುವ ಆಟ ಎಂಥ ಬೆಳಕಿನಲ್ಲಿ ನಡೆಯುತ್ತದೆ, ಮತ್ತು ಆಟಗಾರರು ನಿಮ್ಮಿಂದ ಎಷ್ಟು ದೂರದಲ್ಲಿರುತ್ತಾರೆ?

ಬೆಳಕಿನ ಲೆಕ್ಕ ಹೀಗಿದೆ. ಓಟ, ಜಿಗಿತ, ಹೊಡೆತಗಳನ್ನು ನಿಶ್ಚಲವಾಗಿ ಹಿಡಿಯಲು ಸಾಮಾನ್ಯವಾಗಿ 1/1000 ಸೆಕೆಂಡಿನಷ್ಟಾದರೂ ಶಟರ್ ಸ್ಪೀಡ್ (ಸೆನ್ಸರಿಗೆ ಬೆಳಕು ಬೀಳುವ ಅವಧಿ) ಬೇಕು. ಅಗ್ಗದ ಜೂಮ್‌ಗಳಲ್ಲಿ ದೂರದ ತುದಿಗೆ ಹೋದಾಗ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಅದೇ ಕ್ರೀಡಾಂಗಣದಲ್ಲಿ, ಅದೇ ಐಎಸ್‌ಒದಲ್ಲಿ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಎಫ್/1.8 ಲೆನ್ಸ್ ಹತ್ತಿರಹತ್ತಿರ 10 ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ, ಅಂದರೆ ಎಫ್/5.6ರಲ್ಲಿ 1/250ಕ್ಕೆ ತಿಣುಕುವ ಕ್ಯಾಮೆರಾ ಇಲ್ಲಿ 1/2000ವನ್ನು ಸಲೀಸಾಗಿ ಮುಟ್ಟುತ್ತದೆ. ಹೀಗಾಗಿ ಒಳಾಂಗಣದ ಬ್ಯಾಡ್ಮಿಂಟನ್, ಬ್ಯಾಸ್ಕೆಟ್‌ಬಾಲ್, ವಾಲಿಬಾಲ್‌ಗಳಿಗೆ ಅಂಕಣದ ಅಂಚಿನಲ್ಲಿ ಕೂರಲು ಅವಕಾಶವಿದ್ದರೆ, 85 ಎಂಎಂ ಎಫ್/1.8 ಲೆನ್ಸಿಗಿಂತ ಒಳ್ಳೆಯ ಮಿತವ್ಯಯದ ಆಯ್ಕೆ ನನಗೆ ಕಂಡಿಲ್ಲ. ಜೂಮ್ ಇಲ್ಲದ ಕೊರತೆಯನ್ನು ಕೂರುವ ಜಾಗ ಬದಲಿಸಿ ತುಂಬಿಕೊಳ್ಳಬಹುದು.

ಹಗಲಿನ ಬಯಲಾಟದ ಕಥೆಯೇ ಬೇರೆ. ಪ್ರಖರ ಬಿಸಿಲಿನಲ್ಲಿ ಐಎಸ್‌ಒ 400 ಇಟ್ಟು ಎಫ್/5.6ರಲ್ಲಿಯೇ 1/3200ರ ಆಸುಪಾಸಿನ ವೇಗ ಸಿಗುವುದರಿಂದ, ಅಲ್ಲಿ ದುಬಾರಿ ಎಫ್/2.8 ಲೆನ್ಸಿಗೆ ಹಣ ಸುರಿಯುವ ಅಗತ್ಯವಿಲ್ಲ. ಅಲ್ಲಿ ಬೇಕಾಗುವುದು ಉದ್ದ, ಅಂದರೆ ದೂರದ್ದನ್ನು ಹತ್ತಿರ ತರುವ ಹೆಚ್ಚು ಎಂಎಂನ ಲೆನ್ಸ್. ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರಿನ ಕ್ಯಾಮೆರಾದಲ್ಲಿ 200 ಎಂಎಂ ಲೆನ್ಸ್ ಹಾಕಿದರೆ 30 ಮೀಟರ್ ದೂರದ ಆಟಗಾರ ಚೌಕಟ್ಟಿನ ಎತ್ತರದ ಸುಮಾರು ಮುಕ್ಕಾಲು ಭಾಗ ತುಂಬುತ್ತಾನೆ. 60 ಮೀಟರಿಗೆ ಸರಿದರೆ ಅರ್ಧಕ್ಕಿಂತ ಚಿಕ್ಕವನಾಗುತ್ತಾನೆ. ಫುಟ್‌ಬಾಲ್ ಮೈದಾನದ ಉದ್ದ 105 ಮೀಟರಿನಷ್ಟಿರುವಾಗ 70-300 ಎಂಎಂ, ಇನ್ನೂ ದೂರಕ್ಕೆ ಸಿಗ್ಮಾ ಅಥವಾ ಟ್ಯಾಮ್ರಾನ್‌ನ 150-600 ಎಂಎಂ ಏಕೆ ಬೇಕಾಗುತ್ತವೆಂಬುದು ಇದರಿಂದ ತಿಳಿಯುತ್ತದೆ. ಬಾಡಿ ಮತ್ತು ಲೆನ್ಸಿನ ನಡುವೆ ಟೆಲಿಕನ್ವರ್ಟರ್ ಎಂಬ ಹೆಚ್ಚುವರಿ ಗಾಜಿನ ಘಟಕ ಹಾಕಿ ಉದ್ದ ಹೆಚ್ಚಿಸಿಕೊಳ್ಳಬಹುದಾದರೂ 1.4 ಪಟ್ಟಿನದು ಒಂದು ಸ್ಟಾಪ್ (ಅರ್ಧದಷ್ಟು), 2 ಪಟ್ಟಿನದು ಎರಡು ಸ್ಟಾಪ್ (ಮುಕ್ಕಾಲು ಭಾಗ) ಬೆಳಕನ್ನು ನುಂಗುತ್ತದೆ.

ರಾತ್ರಿ ದೀಪಗಳಡಿ ನಡೆಯುವ ಬಯಲಾಟಕ್ಕೆ ಉದ್ದವೂ ಬೆಳಕೂ ಎರಡೂ ಬೇಕು. ಖರ್ಚು ಹೆಚ್ಚುವುದು ಇಲ್ಲಿಯೇ. ಬಳಸಿದ ಹಳೆಯ 70-200 ಎಂಎಂ ಎಫ್/2.8 ಲೆನ್ಸನ್ನು, ಅದರಲ್ಲೂ ಇಮೇಜ್ ಸ್ಟೆಬಿಲೈಸೇಷನ್ ಇಲ್ಲದ ಮಾದರಿಯನ್ನು, ಧೈರ್ಯವಾಗಿ ಕೊಳ್ಳಬಹುದು. ಸ್ಟೆಬಿಲೈಸೇಷನ್ ತಡೆಯುವುದು ನಿಮ್ಮ ಕೈನಡುಕವನ್ನೇ ಹೊರತು ಆಟಗಾರನ ಓಟವನ್ನಲ್ಲ. 1/1000ರಲ್ಲಿ ಅದರಿಂದಾಗುವ ಲಾಭ ಅಲ್ಪ. ಒಂದು ಎಚ್ಚರಿಕೆ: ನಿಕಾನ್‌ನ ಡಿ3000 ಮತ್ತು ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲದ ಕಾರಣ, ಒಳಗೆ ಮೋಟಾರಿಲ್ಲದ ಹಳೆಯ ಲೆನ್ಸ್‌ಗಳು ಅವುಗಳಲ್ಲಿ ತಾವಾಗಿ ಫೋಕಸ್ ಆಗುವುದಿಲ್ಲ.

ಬಾಡಿಯ ವಿಚಾರದಲ್ಲಿ ನನ್ನ ಒಲವು ಹಳೆಯ ಉತ್ತಮ ದರ್ಜೆಯ ಡಿಎಸ್‌ಎಲ್‌ಆರ್‌ಗಳ (ಒಳಗೆ ಕನ್ನಡಿಯಿರುವ ಕ್ಯಾಮೆರಾಗಳ) ಕಡೆಗೆ. 2014ರ ಕ್ಯಾನನ್ 7ಡಿ ಮಾರ್ಕ್ 2 ಮತ್ತು 2016ರ ನಿಕಾನ್ ಡಿ500 ಎರಡೂ ಸೆಕೆಂಡಿಗೆ 10 ಚಿತ್ರ ತೆಗೆಯುತ್ತವೆ. ಮೊದಲನೆಯದರಲ್ಲಿ 65, ಎರಡನೆಯದರಲ್ಲಿ 153 ಫೋಕಸ್ ಬಿಂದುಗಳಿವೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಕೆಲವು ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ ಒಂದೇ ಸರಣಿಯ ಚಿತ್ರಗಳಲ್ಲಿ ಒಂದು ಬೆಳ್ಳಗೆ, ಇನ್ನೊಂದು ಹಳದಿಯಾಗಿ ಬರುತ್ತವೆ. ಈ ಮಿನುಗನ್ನು ಅರಿತು ಕ್ಲಿಕ್ಕಿಸುವ ವ್ಯವಸ್ಥೆಯೂ ಈ ಎರಡರಲ್ಲಿದೆ. ಕನ್ನಡಿಯಿಲ್ಲದ ಮಿರರ್‌ಲೆಸ್ ಬಯಸುವವರು ಕಣ್ಣನ್ನು ಗುರುತಿಸಿ ಹಿಂಬಾಲಿಸುವ ಫೋಕಸ್ ಇರುವ ಮಾದರಿಯನ್ನೇ ನೋಡಲಿ. ಆದರೆ ಪೆಟ್ಟಿಗೆಯ ಮೇಲಿನ ಸೆಕೆಂಡಿಗೆ 20-30 ಚಿತ್ರಗಳೆಂಬ ಸಂಖ್ಯೆಗೆ ಮರುಳಾಗಬೇಡಿ; ಅದು ಹೆಚ್ಚಾಗಿ ಎಲೆಕ್ಟ್ರಾನಿಕ್ ಶಟರಿನ ವೇಗ, ಅದರಲ್ಲಿ ಬೀಸುವ ಬ್ಯಾಟು ಬಾಗಿದಂತೆ ಕಾಣಬಹುದು.

ಬಳಸಿದ ಲೆನ್ಸ್ ಕೊಳ್ಳುವಾಗ ಅಪರ್ಚರನ್ನು ಪೂರ್ತಿ ತೆರೆದು, ಹಿಂಬದಿಯಿಂದ ಟಾರ್ಚ್ ಬೆಳಕು ಓರೆಯಾಗಿ ಹಾಯಿಸಿ ಮುಂಬದಿಯಿಂದ ನೋಡಿ. ನಾಲ್ಕಾರು ಧೂಳಿನ ಕಣಗಳಿಂದ ಚಿತ್ರ ಕೆಡುವುದಿಲ್ಲ. ಜೇಡನ ಬಲೆಯಂತೆ ಹರಡಿದ ಎಳೆಗಳು ಕಂಡರೆ ಅದು ಫಂಗಸ್, ಕೈಬಿಡಿ. ನಂತರ ನಡೆದುಬರುವ ಯಾರನ್ನಾದರೂ ಪೂರ್ತಿ ತೆರೆದ ಅಪರ್ಚರಿನಲ್ಲಿ ಸತತವಾಗಿ ಕ್ಲಿಕ್ಕಿಸಿ, ಪ್ರತಿ ಚಿತ್ರವನ್ನೂ ಹಿಗ್ಗಿಸಿ, ಫೋಕಸ್ ಕಣ್ಣಿನ ಮೇಲಿದೆಯೇ ಕಿವಿಯ ಮೇಲಿದೆಯೇ ಎಂದು ಪರೀಕ್ಷಿಸಿ. ಬಾಡಿಯಾದರೆ ಶಟರ್ ಕೌಂಟ್ (ಈವರೆಗೆ ಕ್ಲಿಕ್ಕಿಸಿದ ಸಂಖ್ಯೆ) ಕೇಳಿ. ಮೇಲೆ ಹೇಳಿದ ಎರಡೂ ಮಾದರಿಗಳ ಶಟರನ್ನು 2 ಲಕ್ಷ ಕ್ಲಿಕ್‌ಗಳ ಅಂದಾಜಿಗೆ ತಯಾರಿಸಲಾಗಿದೆ.

ಉಳಿದ ಹಣದಲ್ಲಿ ವೇಗದ ಮೆಮೊರಿ ಕಾರ್ಡು, ಉದ್ದದ ಲೆನ್ಸಿದ್ದರೆ ಗಟ್ಟಿಯಾದ ಮೊನೊಪಾಡ್ (ಒಂಟಿ ಕಾಲಿನ ಆಸರೆ) ಕೊಳ್ಳಿ. ಟ್ರೈಪಾಡ್ ಬೇಡ, ಚೆಂಡು ಹೊರಳಿ ನಿಮ್ಮತ್ತಲೇ ಬಂದಾಗ ಮೂರು ಕಾಲುಗಳನ್ನು ಎತ್ತಿಕೊಂಡು ಓಡುವುದು ಸುಲಭವಲ್ಲ.