ಮನೆ ಕ್ಲೀನಿಂಗ್‌ಗೆ ಎಂಥವರನ್ನು ಕರೆಸಬೇಕು?

ದಸರಾ, ದೀಪಾವಳಿ ಹತ್ತಿರ ಬಂತೆಂದರೆ ಬೆಂಗಳೂರಿನಲ್ಲಿ ಡೀಪ್ ಕ್ಲೀನಿಂಗ್‌ನವರಿಗೆ ಪುರಸೊತ್ತೇ ಇರುವುದಿಲ್ಲ. ಆ ಗಡಿಬಿಡಿಯಲ್ಲಿ ಸಿಕ್ಕಿದವರನ್ನು ಕರೆಸಿಬಿಡುತ್ತೇವೆ. ನಾವೂ ಹಾಗೇ ಮಾಡಿದ್ದೆವು. ಅಪ್ಪ ಕಟ್ಟಿಸಿದ ಮನೆ, ಮೊಸಾಯಿಕ್ ನೆಲ. ಬಂದ ಹುಡುಗರಲ್ಲೊಬ್ಬ ನೀರಿನ ಬಾಟಲಿಯಲ್ಲಿ ತಂದಿದ್ದ ಏನನ್ನೋ ಬಚ್ಚಲ ಬಾಗಿಲ ಬಳಿ ಸುರಿದ. ಬುಸ್ಸೆಂದು ನೊರೆ ಎದ್ದಿತು, ಮೂಗಿಗೆ ಘಾಟು ಹೊಡೆಯಿತು. ಒಣಗಿದ ಮೇಲೆ ಅಮ್ಮ ಕೂತು ಕೈಯಾಡಿಸಿ ನೋಡಿದರು. ಹೊಳಪು ಪೂರ್ತಿ ಹೋಗಿತ್ತು, ಉಪ್ಪುಕಾಗದ ಮುಟ್ಟಿದ ಹಾಗಿತ್ತು. ನೆಲ ಯಾವುದೆಂದು ನಾವು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಅವತ್ತಿನಿಂದ ನಾನು ತಂಡ ಆರಿಸುವುದು ಸ್ಟಾರ್ ರೇಟಿಂಗ್ ನೋಡಿ ಅಲ್ಲ, ಅವರು ನನ್ನನ್ನು ಏನು ಕೇಳುತ್ತಾರೆ ಎಂಬುದನ್ನು ನೋಡಿ.

ಮೊದಲು ಫೋನ್ ಮಾಡಿ

ಕನಿಷ್ಠ ಮೂರು ಕಡೆ ಮಾತಾಡಿ. ಹಲೋ ಎನ್ನುವಷ್ಟರಲ್ಲಿ ‘2 ಬಿಎಚ್‌ಕೆಗೆ ಇಷ್ಟು’ ಎಂದು ರೇಟ್ ಹೇಳಿಬಿಡುವವರನ್ನು ಪಕ್ಕಕ್ಕಿಡಿ. ಕೆಲಸ ಬಲ್ಲವರು ಮೊದಲು ಮನೆಯನ್ನು ತಿಳಿದುಕೊಳ್ಳುತ್ತಾರೆ. ಸಾಮಾನು ಇದೆಯೋ, ಖಾಲಿ ಮನೆಯೋ? ಹೊಸದಾಗಿ ಪೇಂಟ್ ಆಗಿದೆಯೇ? ಬಾತ್‌ರೂಮ್ ಎಷ್ಟು? ಕಾವೇರಿ ನೀರೋ, ಬೋರ್ ನೀರೋ? ನೆಲ ಯಾವುದು?

ಈ ಕೊನೆಯ ಎರಡು ಪ್ರಶ್ನೆಗೆ ಒಂದಕ್ಕೊಂದು ನಂಟಿದೆ. ಬೋರ್ ನೀರಿನಿಂದ ನಲ್ಲಿ, ಟೈಲ್ಸ್ ಮೇಲೆ ಕೂರುವ ಬಿಳಿ ಕರೆಯಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅಮೃತಶಿಲೆಯೂ ಅದೇ, ಕಡಪ ಕಲ್ಲಿನಲ್ಲೂ ಅದೇ, ಮೊಸಾಯಿಕ್‌ನಲ್ಲಿ ಕೂರಿಸಿರುವ ಚೂರುಗಳೂ ಸಾಮಾನ್ಯವಾಗಿ ಅಮೃತಶಿಲೆಯವೇ. ಕರೆಯನ್ನು ಕರಗಿಸುವ ಆ್ಯಸಿಡ್ ಕಲ್ಲನ್ನೂ ತಿನ್ನುತ್ತದೆ. ಕಡಪ ಕಲ್ಲಿನ ಅಡುಗೆ ಕಟ್ಟೆ ಇರುವವರಿಗೆ ಇದು ಗೊತ್ತು: ನಿಂಬೆಹಣ್ಣಿನ ರಸ ಬಿದ್ದು ಒಂದಿಷ್ಟು ಹೊತ್ತಾದರೆ ಅಲ್ಲೊಂದು ಮಂಕು ಮಚ್ಚೆ ಉಳಿಯುತ್ತದೆ. ಸಿಮೆಂಟಿನ ಮೇಲೆ ತಿಕ್ಕಿದ ರೆಡ್ ಆಕ್ಸೈಡ್ ನೆಲಕ್ಕೂ ಆ್ಯಸಿಡ್ ಆಗದು. ವಿಟ್ರಿಫೈಡ್ ಟೈಲ್ಸ್ ತಡೆದುಕೊಂಡರೂ ಸಂದಿನ ಸಿಮೆಂಟ್ ಕಿತ್ತುಬರುತ್ತದೆ.

ಹಾಗಾಗಿ ‘ಏನು ಹಾಕಿ ತೊಳೆಯುತ್ತೀರಿ?’ ಎಂದು ನೇರವಾಗಿ ಕೇಳಿ. ಕಂಪನಿಯ ಲೇಬಲ್ ಇರುವ ಡಬ್ಬದಲ್ಲೇ ತರಬೇಕು ಎಂದು ಹೇಳಿ. ಬ್ಲೀಚಿಂಗ್ ಪೌಡರನ್ನೂ ಆ್ಯಸಿಡನ್ನೂ ಒಂದೇ ಕಡೆ ಬಳಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಬಹಳಷ್ಟು ಆ್ಯಸಿಡ್‌ನವೇ. ಇದು ಗೊತ್ತಿಲ್ಲದವರು ಎಷ್ಟು ಕಡಿಮೆಗೆ ಬಂದರೂ ಬೇಡ.

ಮಾತಾಡಿದ್ದನ್ನು ಬರೆಸಿಕೊಳ್ಳಿ

ಜಗಳ ಆಗುವುದೆಲ್ಲ ‘ಅದು ಇದರಲ್ಲಿ ಬರಲ್ಲ ಮೇಡಂ’ ಎಂಬ ಮಾತಿಗೆ. ಫ್ಯಾನ್, ಸಜ್ಜ, ಕಿಟಕಿಯ ಗ್ರಿಲ್ ಮತ್ತು ಸೊಳ್ಳೆ ಮೆಶ್, ಚಿಮಣಿ, ಕಪಾಟಿನ ಒಳಗೆ, ಬಾಲ್ಕನಿ: ಯಾವುದು ಸೇರಿದೆ, ಯಾವುದು ಇಲ್ಲ ಎಂಬುದು ವಾಟ್ಸ್‌ಆ್ಯಪ್‌ನಲ್ಲಿ ಬರಲಿ. ಎಷ್ಟು ಜನ, ಎಷ್ಟು ಗಂಟೆ, ಏಣಿ ಯಾರದು, ವಸ್ತು ಒಡೆದರೆ ಯಾರ ಹೊಣೆ ಎಂಬುದೂ ಇರಲಿ.

ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವುದಾದರೆ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಕೇಳಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ಹೆಸರು ತಾಳೆಯಾಗುತ್ತದೆಯೇ ನೋಡಿ. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಸಣ್ಣ ತಂಡಗಳಿಗೆ ನೋಂದಣಿ ಇಲ್ಲದಿರುವುದು ತಪ್ಪೇನಲ್ಲ. ಆದರೆ ನೋಂದಣಿ ಇಲ್ಲದವರು ತೆರಿಗೆ ಹೆಸರಿನಲ್ಲಿ ಹಣ ಕೇಳುವಂತಿಲ್ಲ.

ಬರುವವರು ಯಾರು?

ಹಿಂದಿನ ದಿನವೇ ಬರುವವರ ಹೆಸರು, ಫೋಟೊ ತರಿಸಿಕೊಳ್ಳಿ. ಬಾಗಿಲಲ್ಲಿ ಗುರುತಿನ ಚೀಟಿ ನೋಡಿದರೆ ಸಾಕು, ಆಧಾರ್ ಜೆರಾಕ್ಸ್ ಇಟ್ಟುಕೊಳ್ಳುವ ಅಗತ್ಯವಿಲ್ಲ. ಪೊಲೀಸ್ ವೆರಿಫಿಕೇಶನ್ ಮಾಡಿಸಿದ್ದೀರಾ ಎಂದು ಮಾಲೀಕರನ್ನು ಕೇಳಿ. ಸೇವಾ ಸಿಂಧು ಮೂಲಕ ಅದಕ್ಕೆ ಅರ್ಜಿ ಹಾಕಬಹುದು. ಒಡವೆ, ದುಡ್ಡು, ಮನೆಪತ್ರ ಬೀರುವಿನೊಳಗಿಟ್ಟು ಬೀಗ ಹಾಕಿ. ಆಮೇಲೆ ಉಂಗುರ ಕಾಣುತ್ತಿಲ್ಲವೆಂದು ಬಡ ಹುಡುಗನ ಮೇಲೆ ಅನುಮಾನಪಡುವ ಪಾಪವೂ ತಪ್ಪುತ್ತದೆ.

ಅವರ ಕೈಗೆ ಗ್ಲೌಸ್ ಇದೆಯೇ, ಕಾಲಿಗೆ ಬೂಟು ಇದೆಯೇ ನೋಡಿ. ಕೆಲಸದವರ ಚರ್ಮ ಸುಟ್ಟರೂ ತಲೆಕೆಡಿಸಿಕೊಳ್ಳದ ಮಾಲೀಕ ನಿಮ್ಮ ನೆಲದ ಬಗ್ಗೆ ತಲೆಕೆಡಿಸಿಕೊಳ್ಳುತ್ತಾನೆಯೇ? ಮೂರನೇ ಮಹಡಿಯ ಕಿಟಕಿಯ ಹೊರಗಡೆ ಒರೆಸಿ ಎಂದು ನೀವೂ ಒತ್ತಾಯಿಸಬೇಡಿ. ಕುಡಿಯಲು ನೀರು, ಮಧ್ಯೆ ಒಂದು ಲೋಟ ಕಾಫಿ ಕೊಡಿ, ಟಾಯ್ಲೆಟ್ ಯಾವುದು ಬಳಸಬಹುದೆಂದು ನೀವೇ ಹೇಳಿ. ಅವರಾಗಿ ಕೇಳಲು ಸಂಕೋಚಪಡುತ್ತಾರೆ.

ಕೆಲಸದ ದಿನ

ಬೆಳಿಗ್ಗೆಯೇ ಕರೆಸಿ, ಹಗಲು ಬೆಳಕಿನಲ್ಲೇ ನೋಡಿ ಹಣ ಕೊಡಬಹುದು. ಶುರುವಿಗೆ ಬಾಗಿಲ ಹಿಂದೆ ಅಂಗೈಯಗಲ ಜಾಗದಲ್ಲಿ ದ್ರಾವಣ ಹಚ್ಚಿಸಿ, ಹತ್ತು ನಿಮಿಷ ಬಿಟ್ಟು ಒರೆಸಿ ನೋಡಿ. ಬಣ್ಣ ಮಾಸಿದ್ದರೆ ಆ ಡಬ್ಬ ಮುಚ್ಚಿಸಿ. ಎಲ್ಲ ಕೋಣೆಯ ಫೋಟೊ ಮೊದಲೇ ತೆಗೆದಿಡಿ. ಪೂರ್ತಿ ಹಣ ಮುಂಗಡ ಬೇಡ.

ಹಾಳಾಗಿದ್ದರೆ ಅವತ್ತೇ ಫೋಟೊ ಸಮೇತ ಬರೆದು ಕಳಿಸಿ. ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಬಿಲ್ಲು, ವಾಟ್ಸ್‌ಆ್ಯಪ್ ಮಾತು, ಫೋಟೊ ಮೂರನ್ನೂ ಜೋಪಾನ ಮಾಡಿಟ್ಟುಕೊಳ್ಳಿ.